ಏಳು ಅನ್ನೋದು ಯಾರ ಮಾತು?

14 ಮಾರ್ಚ್ 2026, ಶನಿವಾರ ರಾತ್ರಿ

ಸೆಲವರು ಇವತ್ತು ಕೈಕೊಟ್ಟರು.

ಮೂರು ತಿಂಗಳಿಂದ ಈ ಕಲ್ಪನೆಯ ಜನರನ್ನು, ಅವರ ಭಾಷೆಯನ್ನು ನೋಟ್‌ಬುಕ್ಕಿನಲ್ಲಿ ಕಟ್ಟುತ್ತಾ ಕೂತಿದ್ದೇನೆ. ಇರುವುದು ಬೆಟ್ಟದ ಮೇಲೆ, ಆದರೆ ತಾವು ಸಮುದ್ರದಿಂದ ಬಂದವರು ಅಂತ ಹೇಳಿಕೊಳ್ಳುತ್ತಾರೆ. ಸತ್ತವರನ್ನು ದೋಣಿಯಂಥ ತೊಟ್ಟಿಯಲ್ಲಿ ಮಲಗಿಸಿ ಹೂಳುತ್ತಾರೆ. ಮದುವೆಗೊಂದು ಹಾಡೂ ಬರೆದಿದ್ದೇನೆ. (ಹಾಡು ಚೆನ್ನಾಗಿಲ್ಲ, ಗೊತ್ತು.)

ಸಂಜೆ ಪುಟ್ಟಿ ನನ್ನ ನೋಟ್‌ಬುಕ್ ತಿರುವಿ ಹಾಕುತ್ತಿದ್ದಳು. "ಚಿಕ್ಕಮ್ಮ, ಇವರ ಭಾಷೇಲಿ ಒಂದರಿಂದ ಹತ್ತು ಹೇಳು" ಅಂದಳು. ಹೇಳಿದೆ. ಸ್ವಲ್ಪ ಜಂಬದಿಂದಲೇ.

"ಎಲ್ಲಾ ಒಂದೇ ಥರ ಇದೆಯಲ್ಲ. ಅಷ್ಟು ದೂರ ನಡ್ಕೊಂಡು ಬಂದೋರು ದಾರೀಲಿ ಯಾರ ಹತ್ರಾನೂ ಮಾತೇ ಆಡ್ಲಿಲ್ವಾ?"

ನನಗೆ ಸಿಟ್ಟು ಬಂತು. ಅವಳು ಹೋದ ಮೇಲೆ ನಾಚಿಕೆ ಆಯಿತು.

ರೋಮಾ ಜನರ ಬಗ್ಗೆ ಓದಿದವಳು ನಾನೇ ಅಲ್ವಾ? ಈಜಿಪ್ಟಿನಿಂದ ಬಂದವರು ಅಂದುಕೊಂಡು ಯುರೋಪಿನವರು ಅವರನ್ನು ಜಿಪ್ಸಿ ಅಂತ ಕರೆದರು. ಅವರು ಹೊರಟಿದ್ದು ನಮ್ಮ ಭಾರತದಿಂದ ಅನ್ನುವುದು 1780ರ ದಶಕದಲ್ಲಿ ಅವರ ಮಾತನ್ನು ಹೋಲಿಸಿ ನೋಡಿದಾಗ ಸ್ಪಷ್ಟವಾಯಿತು. ಎರಡಕ್ಕೆ ದುಯ್, ಐದಕ್ಕೆ ಪಾಂಜ್, ಹತ್ತಕ್ಕೆ ದೆಶ್. ಕೇಳಿದರೆ ನಮ್ಮವರೇ ಅನ್ನಿಸುತ್ತದೆ. ಆದರೆ ಏಳು, ಎಂಟು, ಒಂಬತ್ತಕ್ಕೆ ಬಂದರೆ ಎಫ್ತಾ, ಓಖ್ತೋ, ಎನ್ಯಾ. ಮೂರೂ ಗ್ರೀಕ್. ದಾರಿಗೆ ಅವರು ಅನ್ನುವ 'ದ್ರೋಮ್' ಕೂಡ ಗ್ರೀಕ್. ದಾರಿ ಅನ್ನುವ ಮಾತೇ ದಾರಿಯಲ್ಲಿ ಸಿಕ್ಕಿದ್ದು!

ನನ್ನ ಸೆಲವರ ಕಾಲಿಗೆ ಒಂದು ಚೂರೂ ಧೂಳಿಲ್ಲ.

ಬೆನ್ನು ನೋಯುತ್ತಿದೆ. ಮಲಗಬೇಕಿತ್ತು.

ಮಲಗಲಿಲ್ಲ. ಏಳನ್ನು ಹೊಡೆದುಹಾಕಿ, ಅಲ್ಲಿ ಬಯಲಿನವರ ಮಾತು ಬರೆದೆ. ಉಪ್ಪು ಕೊಡುವವರು ಬಯಲಿನವರು, ಮೂಟೆ ಎಣಿಸುವವರೂ ಅವರೇ. ಎಣಿಕೆ ಅವರ ಬಾಯಿಂದ ಇವರ ಬಾಯಿಗೆ ಬಂತು. ಇದು ಸರಿಯಿದೆ. ಖುಷಿಯಾಯಿತು, ಎದ್ದು ನೀರು ಕುಡಿದು ಬಂದೆ.

ಆಮೇಲೆ ಮದುವೆ ಹಾಡು ಕಣ್ಣಿಗೆ ಬಿತ್ತು. 'ಏಳು ಅಲೆ ದಾಟಿ ಬಂದೆವು.' ಅಜ್ಜಿಯ ಅಜ್ಜಿ ಕಾಲದ ಹಾಡು ಅಂತ ನಾನೇ ಬರೆದುಕೊಂಡಿದ್ದೆ. ಆದರೆ ಏಳು ಅನ್ನುವ ಮಾತು ಇವರಿಗೆ ಸಿಕ್ಕಿದ್ದೇ ಬಯಲಿಗೆ ಬಂದ ಮೇಲೆ. ಹಾಗಾದರೆ ಹಾಡು ಹುಟ್ಟಿದ್ದೂ ಆಮೇಲೆಯೇ. ಸಮುದ್ರದ ಕಥೆಯನ್ನೂ ಉಪ್ಪಿನ ಜೊತೆಗೆ ಬಯಲಿನವರ ಹತ್ತಿರವೇ ತಂದುಕೊಂಡಿದ್ದರೆ? ಆ ದೋಣಿ ತೊಟ್ಟಿ ಮತ್ತೆ