ವಿಯರ್ಡ್ ಅಲ್ ಮುಂದೆ ಯಾವ ಹಾಡು ಹಿಡಿಯಬಹುದು?

ಬಳ್ಳಾರಿ, 9 ನವೆಂಬರ್ 2025, ಭಾನುವಾರ

ಮಧ್ಯಾಹ್ನದಿಂದ ನನಗೂ ತಮ್ಮನಿಗೂ ಒಂದೇ ವಾದ. ಜನಪ್ರಿಯ ಹಾಡುಗಳ ಮಟ್ಟಿಗೆ ನಗೆ ಮಾತು ಕೂರಿಸಿ ಹಾಡುವ ಅಮೆರಿಕದ ಗಾಯಕ ವಿಯರ್ಡ್ ಅಲ್ ಯಾಂಕೋವಿಕ್ ಮುಂದೆ ಯಾವ ಹಾಡನ್ನು ಅಣಕಿಸಬಹುದು? ಅವರ ಕೊನೆಯ ಪೂರ್ತಿ ಆಲ್ಬಂ 'ಮ್ಯಾಂಡೇಟರಿ ಫನ್' ಬಂದಿದ್ದು 2014ರಲ್ಲಿ. ಹಾಸ್ಯದ ಆಲ್ಬಂ ಆದರೂ ಅಮೆರಿಕದ ಆಲ್ಬಂ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಕಳೆದ ವರ್ಷ 'ಪೋಲ್ಕಮೇನಿಯಾ' ಕೊಟ್ಟರು, ಹಿಟ್ ಹಾಡುಗಳ ತುಣುಕುಗಳನ್ನು ಪೋಲ್ಕಾ ಅನ್ನುವ ಯುರೋಪಿನ ಕುಣಿತದ ಧಾಟಿಯಲ್ಲಿ ಪೋಣಿಸಿದ ಹಾಡು. ಅದರಲ್ಲಿ 'ಡೆಸ್ಪಸಿಟೊ', 'ಅಪ್‌ಟೌನ್ ಫಂಕ್' ಎಲ್ಲ ಒಂದೇ ಓಟದಲ್ಲಿ ಅಕಾರ್ಡಿಯನ್ ಮೇಲೆ ಬರುತ್ತವೆ. ಚೆನ್ನಾಗಿದೆ. ಆದರೆ ನನಗೆ ಬೇಕಿರುವುದು ಒಂದು ಪೂರ್ತಿ ಅಣಕವಾಡು.

ನಮ್ಮ ಕಡೆ ಈ ಕೆಲಸ ಹೊಸದೇನಲ್ಲ, ಅಲ್ವಾ? ಜಾತ್ರೆ ಬಂದರೆ ದುರ್ಗಮ್ಮನ ಹಾಡು ಸಿನಿಮಾ ಮಟ್ಟಿನಲ್ಲೇ ಮೈಕಿನಲ್ಲಿ ಕೇಳುತ್ತದೆ. ಕಂಪನಿ ನಾಟಕದವರೂ ಜನಕ್ಕೆ ಗೊತ್ತಿರುವ ಮಟ್ಟು ಹಿಡಿದು ಹೊಸ ಮಾತು ಕೂರಿಸುತ್ತಿದ್ದರು. ಅವರ ಹಾರ್ಮೋನಿಯಂ, ಅಲ್ ಅವರ ಅಕಾರ್ಡಿಯನ್, ಎರಡರಲ್ಲೂ ತಿದಿಯ ಗಾಳಿಗೆ ಅದುರುವ ಲೋಹದ ರೀಡ್‌ಗಳೇ ಸ್ವರ ಕೊಡುವುದು. ಅಲ್ ಅವರ ಪೋಲ್ಕಾ ಕೇಳಿದರೆ ನನಗೆ ನಮ್ಮೂರ ರಾಘವ ಕಲಾಮಂದಿರದಲ್ಲಿ ಪರದೆ ಏಳುವ ಮುಂಚಿನ ಸದ್ದೇ ನೆನಪಾಗುತ್ತದೆ.

ಅಂದಾಜು ಮಾಡಬೇಕಾದರೆ ಅವರ ಕೈಚಳಕ ನೋಡಬೇಕು. 1984ರಲ್ಲಿ ಮೈಕಲ್ ಜಾಕ್ಸನ್ ಅವರ 'ಬೀಟ್ ಇಟ್' 'ಈಟ್ ಇಟ್' ಆಯಿತು. ಹೋಯಿತು ಒಂದೇ ಒಂದು ಸದ್ದು. ಬೀದಿ ಜಗಳದ ಹಾಡು ತಟ್ಟೆ ಮುಂದೆ ಹಟ ಮಾಡುವವರಿಗೆ ಬೈಯುವ ಹಾಡಾಯಿತು! ಮಾತು ಬದಲಾದರೂ ಅಕ್ಷರಗಳ ತೂಕ ತಪ್ಪುವುದಿಲ್ಲ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಅಮೆರಿಕದ ಕಾನೂನು ಅಣಕಕ್ಕೆ ಸಾಕಷ್ಟು ಅವಕಾಶ ಕೊಡುತ್ತದೆ. ಆದರೂ ಇವರು ಮೂಲ ಕಲಾವಿದರನ್ನು ಕೇಳಿಯೇ ಮುಂದುವರಿಯುತ್ತಾರೆ. ಪ್ರಿನ್ಸ್ ಯಾವತ್ತೂ ಒಪ್ಪಲಿಲ್ಲ. 'ನಿರ್ವಾಣ' ರಾಕ್ ತಂಡದ ಕರ್ಟ್ ಕೊಬೇನ್ ಮಾತ್ರ 'ಇದು ಊಟದ ಬಗ್ಗೆಯಾ?' ಅಂತ ಕೇಳಿದರಂತೆ. 'ಅಲ್ಲ, ನಿಮ್ಮ ಹಾಡಿನ ಮಾತು ಯಾರಿಗೂ ಅರ್ಥವಾಗದಿರುವ ಬಗ್ಗೆ' ಅಂದಾಗ ಖುಷಿಯಿಂದ ಒಪ್ಪಿದರು. ಹೀಗೆ ಕೇಳಿ ಮಾಡುವುದರಿಂದಲೇ ಆ ನಗೆಯಲ್ಲಿ ಕಹಿ ಇಲ್ಲ.

ಅದಕ್ಕೇ ಕೆಂಡ್ರಿಕ್ ಲಮಾರ್ ಅವರ 'ನಾಟ್ ಲೈಕ್ ಅಸ್' ಅನ್ನು ನಾನು ಮೊದಲೇ ಕೈಬಿಟ್ಟೆ. ಅದರಲ್ಲಿರುವುದು ರ‍್ಯಾಪರ್ ಡ್ರೇಕ್ ಜೊತೆಗಿನ ನಿಜವಾದ ಜಗಳ, ಆರೋಪಗಳೂ ಗಂಭೀರ. ಸಬ್ರಿನಾ ಕಾರ್ಪೆಂಟರ್ ಅವರ 'ಎಸ್ಪ್ರೆಸೊ' ಕೂಡ ಕಷ್ಟ. ಊಟತಿಂಡಿ ಇಲ್ಲದ ಹಾಡಿಗೆ ಊಟ ತರುವುದು ಅಲ್ ಅವರ ಹಳೇ ಆಟ. ಇಲ್ಲಿ ಕಾಫಿ ಆಗಲೇ ಬಂದುಬಿಟ್ಟಿದೆ.

ತಮ್ಮನ ಪಟ್ಟು 'ಗೋಲ್ಡನ್' ಮೇಲೆ. ಈ ವರ್ಷದ 'ಕೆಪಾಪ್ ಡೀಮನ್ ಹಂಟರ್ಸ್' ಸಿನಿಮಾದ ಹಾಡು. ನಮ್ಮ ಓಣಿಯ ಹುಡುಗಿಯರೂ ಹಾಡುತ್ತಾರೆ. ಕಳೆದ ತಿಂಗಳು ಅಲ್ ಅವರಿಗೆ 66 ತುಂಬಿತು, ವಯಸ್ಸಾಗುವುದರ ಮೇಲೆ ಬರೆಯಬಹುದು ಅನ್ನುತ್ತಾನೆ. ಐಡಿಯಾ ಒಳ್ಳೆಯದೇ. ಆದರೆ ಆ ಹಾಡು ಏರುವ ಎತ್ತರಕ್ಕೆ ಗಂಟಲು ಹೋಗಬೇಕಲ್ಲ! ಅಲ್ ಒಳ್ಳೆಯ ಹಾಡುಗಾರರೇ. ಆದರೂ ಅಲ್ಲಿ ಜನ ಮಾತಿಗಿಂತ ಸ್ವರಕ್ಕೇ ಕಾಯುತ್ತಾರೆ.

ನನ್ನ ಆಯ್ಕೆ ರೋಸೆ ಮತ್ತು ಬ್ರೂನೋ ಮಾರ್ಸ್ ಅವರ 'ಎಪಿಟಿ'. 2024ರ ಅಕ್ಟೋಬರ್‌ನಲ್ಲಿ ಬಂದ ಹಾಡು. ಕೊರಿಯಾದಲ್ಲಿ ಗೆಳೆಯರು ಕುಡಿಯಲು ಕೂತಾಗ ಆಡುವ ಆಟದಿಂದ ಹುಟ್ಟಿದ್ದು. ಪಲ್ಲವಿಯಲ್ಲಿ ಅಪಾರ್ಟ್‌ಮೆಂಟ್ ಅನ್ನುವುದೊಂದೇ ಕೊರಿಯನ್ ಉಚ್ಚಾರದಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಹಾಡಿನಲ್ಲಿ ಬಾಡಿಗೆ ಮನೆಯ ಸುದ್ದಿಯೇ ಇಲ್ಲ. ಅಲ್ ಅದನ್ನು ನಿಜವಾದ ಮನೆ ಹುಡುಕಾಟ ಮಾಡಿದರೆ ಸಾಕು. ಅಡ್ವಾನ್ಸ್, ಬ್ರೋಕರ್, ಮೇಲಿನ ಮನೆಯವರ ಗದ್ದಲ, ಲಿಫ್ಟ್ ಕೆಟ್ಟಿರುವುದು, ಎಲ್ಲ ಆ ತಾಳಕ್ಕೆ ಸಲೀಸಾಗಿ ಕೂರುತ್ತದೆ. ಸುಮ್ನೆ ತಾಳ ಹಾಕಿಕೊಂಡು ನಾನೂ ಒಂದು ಚರಣ ಬರೆದೆ. ಅದರಲ್ಲಿ ನಲ್ಲಿ ನೀರು ಬರುವ ದಿನವೂ ಸೇರಿಕೊಂಡಿತು.

ತಮ್ಮ ಇನ್ನೂ ಒಪ್ಪಿಲ್ಲ. 'ಗೋಲ್ಡನ್' ಮುಂದಿನ ಪೋಲ್ಕಾದಲ್ಲಿ ಖಂಡಿತ ಬರುತ್ತದೆ, ಪೂರ್ತಿ ಹಾಡಾಗುವುದು 'ಎಪಿಟಿ'ಯೇ ಅಂತ ಹೇಳಿದ್ದೇನೆ.