ಈಗ ತಿಂತಾ ಐತೆ

"ಇದಕ್ಕೆ ಹೊಟ್ಟೆಗೆ ಏನೂ ಹಾಕಲ್ವಾ ನೀವು?"

ಭಾನುವಾರ ಸಂಜೆ ಮೈಸೂರು ಅರಮನೆ ಪಕ್ಕದ ರಸ್ತೆಯಲ್ಲಿ ಒಬ್ಬ ಹೆಣ್ಣುಮಗಳು ಬಡಕಲು ಕುದುರೆ ಮೋತಿಯನ್ನು ತೋರಿಸಿ, ಅದರ ಯಜಮಾನ ಟಾಂಗಾ ಚಾಚಾನನ್ನು ಹೀಗೆ ಕೇಳಿದರು. ದೀಪ ನೋಡಲು ಬಂದ ಜನ ಸುತ್ತ ಸೇರಿದ್ದರು. ಚಾಚಾ ಗಾಡಿಯಿಂದ ಇಳಿದು, "ಹಾಕ್ತೀನಮ್ಮ. ಈಗ ತಿಂತಾ ಐತೆ" ಅಂದರು. ಆಕೆಗೆ ಅದು ನುಣುಚಿಕೊಳ್ಳುವ ಮಾತಾಗಿ ಕೇಳಿಸಿರಬೇಕು. ಮುಖ ಇನ್ನಷ್ಟು ಕೆಂಪಾಯಿತು. ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದ ನಾನು ಅಲ್ಲೇ ನಿಂತೆ. ಆ ಪ್ರಶ್ನೆ, ಆ ಉತ್ತರ ಈ ವಾರವಿಡೀ ತಲೆಯಿಂದ ಹೋಗಿಲ್ಲ.

ನಾನು ಬೂಸಾ, ಹಿಂಡಿ, ಹುರುಳಿ ಮಾರುವವನು. ಅಂಗಡಿ ಅಪ್ಪನ ಕಾಲದ್ದು. ಟಾಂಗಾದವರ ಲೆಕ್ಕಕ್ಕೆ ಅಪ್ಪ ಬೇರೆಯೇ ಪುಸ್ತಕ ಇಟ್ಟಿದ್ದರು. ಈಗ ಅದರಲ್ಲಿ ಉಳಿದಿರುವುದು ಕೆಲವೇ ಹೆಸರು. ಚಾಚಾ ಅವರಲ್ಲಿ ಒಬ್ಬರು. ಮೋತಿ ಸೊರಗುತ್ತಾ ಹೋದ ತಿಂಗಳುಗಳ ಪುಟ ತೆಗೆದು ನೋಡಿದರೆ ಅವರು ಹುರುಳಿ ಕಡಿಮೆ ಒಯ್ದಿಲ್ಲ, ಜಾಸ್ತಿ ಒಯ್ದಿದ್ದಾರೆ. ಕಡ ಹೇಳಿ ಒಯ್ದಿದ್ದಾರೆ. ಕುದುರೆ ಇಳಿದಷ್ಟೂ ಚೀಲ ಏರಿದೆ. ಇದು ನನ್ನ ಕೈಬರಹದಲ್ಲೇ ಇದೆ. ಹಾಗಾಗಿ "ಏನೂ ಹಾಕಲ್ವಾ" ಅನ್ನುವ ಮಾತು ಕೇಳಿದಾಗ ನನಗೆ ಅಷ್ಟು ನೋವಾಯಿತು.

ನಿಜ ಏನು ಅಂತ ಮೊದಲು ಕಂಡುಹಿಡಿದವರು ಚಾಚಾ ಅಲ್ಲ, ಡಾಕ್ಟರೂ ಅಲ್ಲ. ಚಾಚಾನ ಸೊಸೆ. ದಿನಾ ಬೆಳಗ್ಗೆ ಲಾಯ ಗುಡಿಸುವವಳು ಅವಳು. ಹುಲ್ಲು ಹಾಕುವ ಜಾಗದಲ್ಲಿ ಒದ್ದೆ ಉಂಡೆಗಳು ಬಿದ್ದಿರುತ್ತಿದ್ದವು. ಅಗಿದು ಉಗಿದ ಎಲೆ ಅಡಿಕೆ ಹಾಗೆ, ಅರ್ಧಂಬರ್ಧ ನುರಿದ ಹುಲ್ಲು. ಜೊತೆಗೆ ಲದ್ದಿಯಲ್ಲಿ ಹುರುಳಿ ಕಾಳು ಹಾಕಿದ ಹಾಗೇ ಬೀಳುತ್ತಿತ್ತು. "ಮಾಮಾ, ಇದು ತಿಂತಿಲ್ಲ, ಬಾಯಲ್ಲಿ ಆಡಿಸಿ ಬಿಡ್ತಾ ಐತೆ" ಅಂತ ಅವಳು ಹೇಳಿದಳಂತೆ. ಮನೆಯಲ್ಲಿ ಯಾರೂ ಅವಳ ಮಾತಿಗೆ ಬೆಲೆ ಕೊಡಲಿಲ್ಲ. ಒಂದು ದಿನ ಅವಳೇ ಆ ಉಂಡೆಯನ್ನು ಕಾಗದದಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ತಂದಳು. "ಅಣ್ಣಾ, ನಿಮಗೆ ಗೊತ್ತಿರೋ ಡಾಕ್ಟರ್ ಇದ್ರೆ ಇದನ್ನ ತೋರಿಸಿ" ಅಂದಳು. ಇಡೀ ಕತೆಯಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಗೌರವ ಇರುವುದು ಈ ಹುಡುಗಿಯ ಮೇಲೆ.

ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಮಾತು ಕಡಿಮೆ. ಮಂಪರು ಬರುವ ಇಂಜೆಕ್ಷನ್ ಕೊಟ್ಟು ಬಾಯಿ ಬಿಡಿಸಿ, ಟಾರ್ಚ್ ಹಿಡಿಯಲು ನನಗೆ ಹೇಳಿದರು. ಕುದುರೆಯ ಬಾಯಿಯನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಚೂಪಾಗಿ ನಿಂತು ಕೆನ್ನೆಯ ಒಳಭಾಗ ಕುಯ್ದುಹೋಗಿತ್ತು. ಒಂದು ಹುಣ್ಣು ಮಾಗುವ ಮೊದಲೇ ಅದರ ಮೇಲೆ ಇನ್ನೊಂದು. ಕುದುರೆಯ ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಲ್ಲು ವರ್ಷವಿಡೀ ಸ್ವಲ್ಪ ಸ್ವಲ್ಪ ಮೇಲೆ ಬರುತ್ತಲೇ ಇರುತ್ತದೆ. ಎಲ್ಲ ಕಡೆ ಒಂದೇ ಸಮ ಸವೆಯದೆ ಮೇಲೆ ಹೊರಗಡೆ, ಕೆಳಗೆ ಒಳಗಡೆ ಅಂಚು ಉಳಿಯುತ್ತದೆ. ಮೇಲಿನದು ಕೆನ್ನೆ ಕುಯ್ಯುತ್ತದೆ, ಕೆಳಗಿನದು ನಾಲಿಗೆ. ಅಂಥ ಬಾಯಿಗೆ ಕಡಿವಾಣ ಬೇರೆ. ಡಾಕ್ಟರಮ್ಮ ಉದ್ದ ಹಿಡಿಯ ಅರದಿಂದ ಉಜ್ಜಿ ಉಜ್ಜಿ ಅಂಚು ತೆಗೆದರು. ಚಾಚಾ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು.

ಆಮೇಲೆ ಲದ್ದಿ ಪರೀಕ್ಷೆ. ಜಂತುಹುಳದ ಮೊಟ್ಟೆ ಇತ್ತು. ಔಷಧಿ ತೂಕದ ಮೇಲೆ ಕೊಡಬೇಕು, ಆದರೆ ಕುದುರೆಯನ್ನು ಎಲ್ಲಿ ತೂಗುವುದು? ಟೈಲರ್ ಟೇಪಿನಲ್ಲಿ ಎದೆಯ ಸುತ್ತಳತೆ ಹಿಡಿದರು, ಮುಂಭುಜದ ಮೂಳೆಯಿಂದ ಹಿಂಭಾಗದ ಮೂಳೆವರೆಗೆ ಉದ್ದ ಹಿಡಿದರು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಬೇಕು. ಸೆಂಟಿಮೀಟರಿನಲ್ಲಿ ಅಳೆದರೆ ಕೆಜಿ ಸಿಗುತ್ತದೆ. ಮೋತಿಯದು ಸುತ್ತಳತೆ 148, ಉದ್ದ 132. ಸುಮಾರು 243 ಕೆಜಿ. ಅಂದಾಜು ಲೆಕ್ಕವೇ, ಆದರೆ ಅದೇ ಟೇಪು, ಅದೇ ಜಾಗ ಹಿಡಿದು ಅಳೆಯುತ್ತಾ ಹೋದರೆ ಏರಿತೋ ಇಳಿಯಿತೋ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ.

ನನಗಂತೂ ಈಗ ಧೈರ್ಯ ಬಂತು, ಇನ್ನೇನು ಚೆನ್ನಾಗಿ ಹಾಕಿದರೆ ಆಯಿತು ಅನ್ನಿಸಿತ್ತು. ಡಾಕ್ಟರಮ್ಮ ಅಲ್ಲೇ ತಡೆದರು. ತೀರಾ ಸೊರಗಿದ ಕುದುರೆಗೆ ಒಮ್ಮೆಲೇ ಕಾಳು, ಬೆಲ್ಲ ಸುರಿದರೆ ಅಪಾಯ. ಸಕ್ಕರೆ ಅಂಶ ಏರಿ, ಇನ್ಸುಲಿನ್ ಹೆಚ್ಚಿ, ರಕ್ತದಲ್ಲಿರುವ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಜೀವಕೋಶದೊಳಕ್ಕೆ ಹೋಗಿಬಿಡುತ್ತವೆ. ಉಪವಾಸದಲ್ಲಿ ಬದುಕಿದ ಪ್ರಾಣಿ ಊಟ ಸಿಕ್ಕ ವಾರದಲ್ಲಿ ಸಾಯುವುದು ಹೀಗೆ. ಮೋತಿ ಆ ಮಟ್ಟಕ್ಕೆ ಇಳಿದಿರಲಿಲ್ಲ, ಆದರೂ ನಿಧಾನವೇ ಸರಿ ಅಂದರು. ಕುದುರೆಗೆ ಹೊಟ್ಟೆ ಚಿಕ್ಕದು, ವಾಂತಿ ಮಾಡಲು ಬರುವುದಿಲ್ಲ. ಹುಲ್ಲು ಜೀರ್ಣವಾಗುವುದು ಹಿಂಗರುಳಿನ ಸೂಕ್ಷ್ಮಜೀವಿಗಳಿಂದ. ಅವಕ್ಕೆ ಹೊಸ ಮೇವು ಒಗ್ಗಲು ಹತ್ತು ಹದಿನೈದು ದಿನ ಬೇಕು.

ಹಾಗಾಗಿ ಮೊದಲು ಹುಲ್ಲು. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಗರಿಕೆ ಮತ್ತು ಕುದುರೆ ಮಸಾಲೆ ಸೊಪ್ಪು, ಅದೇ ಲೂಸರ್ನ್, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಮೈತೂಕದ ನೂರಕ್ಕೆ ಎರಡು ಭಾಗದಷ್ಟು ಒಣ ಲೆಕ್ಕದ ಮೇವು ದಿನಕ್ಕೆ ಸೇರಬೇಕು. ಹಸಿ ಸೊಪ್ಪಿನಲ್ಲಿ ನೀರೇ ಜಾಸ್ತಿ, ಅದಕ್ಕೆ ಹೊರೆಗಟ್ಟಲೆ ಬೇಕಾಗುತ್ತದೆ. ಹುರುಳಿ ನೆನೆಸಿ, ಬೇಯಿಸಿ, ಹಿಚುಕಿ, ಒಂದು ಹಿಡಿಯಿಂದ ಶುರು. ಕೆಲವು ವಾರದ ಮೇಲೆ ಅಡುಗೆ ಎಣ್ಣೆ ಕಾಲು ಲೋಟ. ಪಿಷ್ಟ ಏರಿಸದೆ ಶಕ್ತಿ ಕೊಡಲು ಅದೇ ಒಳ್ಳೇ ದಾರಿ. ಉಪ್ಪಿನ ಗಡ್ಡೆ. ದಿನಕ್ಕೆ ಕಡಿಮೆ ಅಂದರೂ ಎರಡು ಬಿಂದಿಗೆ ನೀರು, ಬಿಸಿಲಿದ್ದರೆ ಇನ್ನೂ ಜಾಸ್ತಿ. ನೀರಿಲ್ಲದೆ ಒಣ ಮೇವು ತಿಂದರೆ ಕರುಳಲ್ಲಿ ಕಟ್ಟಿಕೊಳ್ಳುತ್ತದೆ.

ಬೂಸಾ ಕಡಿಮೆ ಮಾಡಿ ಅಂದರು. ಬೂಸಾ ನನ್ನ ಅಂಗಡಿಯ ಮುಖ್ಯ ಸರಕು. ಆದರೂ ಈಗ ಕುದುರೆ ಸಾಕುವವರು ಯಾರು ಬಂದರೂ ನಾನೇ ಹೇಳುತ್ತೇನೆ. ಗೋಧಿ ಬೂಸಾದಲ್ಲಿ ಸುಣ್ಣದ ಅಂಶಕ್ಕಿಂತ ರಂಜಕ ಸುಮಾರು ಹತ್ತು ಪಟ್ಟು. ಬರೀ ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ದೇಹ ಮೂಳೆಯಿಂದ ಸುಣ್ಣ ಎಳೆದುಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ.

ಮೋತಿ ಏರಿತು. ಚಾಚಾನ ಮೊಮ್ಮಗ ಪ್ರತಿ ಶುಕ್ರವಾರ ಅಳತೆ ಹಿಡಿದು ಮೊಬೈಲಿನಲ್ಲಿ ಬರೆದಿಡುತ್ತಾನೆ. ಕಳೆದ ವಾರ ಸುತ್ತಳತೆ 154. ಅಂದರೆ ಸುಮಾರು 263 ಕೆಜಿ. ಕುದುರೆಯ ಮೈಕಟ್ಟನ್ನು ಒಂದರಿಂದ ಒಂಬತ್ತರವರೆಗೆ ಅಂಕ ಕೊಟ್ಟು ನೋಡುವ ಕ್ರಮ ಇದೆ. ಅಮೆರಿಕದ ಹೆನೆಕೆ ಅನ್ನುವವರು 1983ರಲ್ಲಿ ಮಾಡಿದ್ದು. ಕತ್ತು, ಹೆಗಲು, ಪಕ್ಕೆ, ಬೆನ್ನು, ಬಾಲದ ಬುಡ ಎಲ್ಲ ಕಡೆ ಕೈಯಿಟ್ಟು ಒತ್ತಿ ನೋಡಬೇಕು. ಎರಡರಲ್ಲಿದ್ದ ಮೋತಿ ಈಗ ನಾಲ್ಕಕ್ಕೆ ಬಂದಿದೆ. ಐದು ಬಂದರೆ ಸಾಕು. ನಾಲ್ಕರಲ್ಲಿ ಪಕ್ಕೆಲುಬು ಮಸುಕಾಗಿ ಕಾಣುತ್ತದೆ. ಭಾನುವಾರ ಅರಮನೆ ಕಡೆಯ ಬೆಳಕು ಒಂದು ಬದಿಯಿಂದ ಬೀಳುತ್ತಿತ್ತು. ಒಂದೊಂದು ಎಲುಬಿನ ಪಕ್ಕ ಒಂದೊಂದು ಕಪ್ಪು ಗೆರೆ. ಇರುವುದಕ್ಕಿಂತ ಬಡಕಲಾಗಿ ಕಾಣುತ್ತಿತ್ತು.

ಆಕೆ ನೋಡಿದ್ದು ಆ ಗೆರೆಗಳನ್ನು. ಬ್ಯಾಗಿನಿಂದ ಬ್ರೆಡ್ ಪ್ಯಾಕೆಟ್ ತೆಗೆದರು. ಚಾಚಾ ಕೈ ಅಡ್ಡ ಹಿಡಿದು "ಬೇಡಮ್ಮ" ಅಂದರು. ಅಲ್ಲಿಗೆ ಮಾತು ಕೆಟ್ಟಿತು. "ನೀವೂ ಹಾಕಲ್ಲ, ಹಾಕೋರಿಗೂ ಬಿಡಲ್ಲ" ಅಂದರು ಆಕೆ. ನಾನು ಮುಂದೆ ಹೋಗಿ ಹಲ್ಲಿನ ವಿಷಯ, ಡಾಕ್ಟರ್ ವಿಷಯ ಹೇಳಿದೆ. ಅರ್ಧ ಕೇಳಿದರು. ಆಕೆಯ ಬಗ್ಗೆ ನನಗೆ ಕೋಪ ಇಲ್ಲ. ಸಾವಿರ ಜನ ನೋಡಿಯೂ ನೋಡದ ಹಾಗೆ ಹೋಗುವ ಜಾಗದಲ್ಲಿ ನಿಂತು ಕೇಳಿದ ಮನಸ್ಸು ಒಳ್ಳೆಯದೇ. ಜೊತೆಗಿದ್ದವನು ಮಾತ್ರ ನನಗೆ ಹಿಡಿಸಲಿಲ್ಲ. ಒಂದು ಮಾತೂ ಆಡದೆ ಮೊಬೈಲ್ ಹಿಡಿದು ಚಾಚಾನ ಮುಖ, ಕುದುರೆಯ ಪಕ್ಕೆ, ಮತ್ತೆ ಮುಖ ಅಂತ ವಿಡಿಯೋ ಮಾಡುತ್ತಲೇ ಇದ್ದ.

ಆ ವಿಡಿಯೋದಲ್ಲಿ ಮೋತಿ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಇರುವುದಿಲ್ಲ. ನನಗೆ ಜಾಸ್ತಿ ಕಾಡುತ್ತಿರುವುದು ಇದೇ. ಸಾಯಲು ಹೊರಟ ಕುದುರೆಯೂ ಚೇತರಿಸಿಕೊಳ್ಳುತ್ತಿರುವ ಕುದುರೆಯೂ ದಾರಿಯಲ್ಲಿ ಎಲ್ಲೋ ಒಂದು ಕಡೆ ಒಂದೇ ಥರ ಕಾಣುತ್ತವೆ. ನಮ್ಮ ಬಡಾವಣೆಯಲ್ಲಿ ಮಗು ತೆಳ್ಳಗಿದ್ದರೆ ತಾಯಿಯನ್ನು ಅನ್ನುತ್ತಾರೆ, ಮುದುಕರು ಸೊರಗಿದರೆ ಸೊಸೆಯನ್ನು ಅನ್ನುತ್ತಾರೆ. ಬಾಯಿ ತೆರೆದು ನೋಡುವ ಕಷ್ಟ ಯಾರಿಗೂ ಬೇಡ. ಚಾಚಾ ಕುದುರೆಯನ್ನು ಪೂರ್ತಿ ನಿಲ್ಲಿಸಿದ ವಾರಗಳಲ್ಲಿ ಮನೆಗೆ ಒಂದು ರೂಪಾಯಿ ಬಂದಿಲ್ಲ. ಮೋತಿಗೆ ಸೊಪ್ಪು ಬಂದಿದೆ. ಆಗ ಯಾರ ಮೊಬೈಲೂ ಅಲ್ಲಿರಲಿಲ್ಲ.

ಇನ್ನು ಬಂದ ತೂಕ ಉಳಿಸಿಕೊಳ್ಳುವ ಕೆಲಸ. ಅದು ಏರಿಸುವುದಕ್ಕಿಂತ ಕಷ್ಟ. ದಸರಾ ಹತ್ತಿರ ಬರುತ್ತಿದೆ. ವರ್ಷದ ದುಡಿಮೆಯ ದೊಡ್ಡ ಪಾಲು ಆ ದಿನಗಳದ್ದು. ಜನ ಜಾಸ್ತಿ, ಸುತ್ತು ಜಾಸ್ತಿ, ನಡುವೆ ಮೇವು ಹಾಕಲು ಪುರುಸೊತ್ತಿಲ್ಲ. ಅಲ್ಲೇ ಕುದುರೆ ಇಳಿಯುವುದು. ಚಾಚಾ ಸಂಜೆ ಮಾತ್ರ ಕಟ್ಟುತ್ತೇನೆ, ಗಾಡಿಗೆ ನಾಲ್ಕು ಜನಕ್ಕಿಂತ ಜಾಸ್ತಿ ಹತ್ತಿಸುವುದಿಲ್ಲ ಅಂದಿದ್ದಾರೆ. ಸುತ್ತು ಮುಗಿದಾಗೆಲ್ಲ ಹುಲ್ಲು, ನೀರು ಕೊಡಲು ಮೊಮ್ಮಗ ಸ್ಟ್ಯಾಂಡಿನಲ್ಲೇ ಇರುತ್ತಾನೆ. ಹಲ್ಲು ವರ್ಷಕ್ಕೊಮ್ಮೆಯಾದರೂ ನೋಡಿಸಲೇಬೇಕು, ಅಂಚು ಮತ್ತೆ ಬರುತ್ತದೆ.

ದಸರಾಕ್ಕೆ ಮೊದಲು ಉಳಿದ ಟಾಂಗಾ ಕುದುರೆಗಳ ಬಾಯಿಯನ್ನೂ ಒಂದೇ ದಿನ ನೋಡಿಬಿಡಿ ಅಂತ ಡಾಕ್ಟರಮ್ಮನನ್ನು ಕೇಳಿದೆ. ಸೋಮವಾರ ಬರುತ್ತೇನೆ ಅಂದಿದ್ದಾರೆ. ಇಂಜೆಕ್ಷನ್ ಖರ್ಚು ಅಂಗಡಿಯದು. ಸುಮಾರು ಜನ ಒಪ್ಪಿದ್ದಾರೆ. ಒಬ್ಬರು ಮಾತ್ರ "ನನ್ನ ಕುದುರೆ ಚೆನ್ನಾಗೇ ತಿಂತದೆ, ಅದಕ್ಯಾಕೆ?" ಅನ್ನುತ್ತಿದ್ದಾರೆ. ಅವರ ಲಾಯಕ್ಕೆ ನಾಳೆ ಬೆಳಗ್ಗೆ ಗುಡಿಸುವ ಮೊದಲೇ ಚಾಚಾನ ಸೊಸೆ ಹೋಗುತ್ತಾಳಂತೆ, ಲದ್ದಿಯಲ್ಲಿ ಕಾಳು ಇದೆಯಾ ಅಂತ ಅವರ ಮುಂದೆಯೇ ಕೆದಕಿ ತೋರಿಸಲು.