ಮೂರು ನಿಮಿಷದ ವಿಡಿಯೊ ಅಸೈನ್‌ಮೆಂಟ್

ವಿಡಿಯೊ ಅಸೈನ್‌ಮೆಂಟ್ ಕೊಡುವ ಮುಂಚೆ ಒಂದು ಗುಣಾಕಾರ ಮಾಡಿ. 60 ವಿದ್ಯಾರ್ಥಿಗಳು, ತಲಾ 10 ನಿಮಿಷ ಅಂದರೆ ಬರೀ ನೋಡುವುದಕ್ಕೇ 10 ಗಂಟೆ. 3 ನಿಮಿಷಕ್ಕೆ ಇಳಿಸಿ, ಮೂವರ ಗುಂಪು ಮಾಡಿದರೆ ಒಂದೇ ಗಂಟೆ. ಉತ್ತರಪತ್ರಿಕೆಯ ಹಾಗೆ ಇದರ ಮೇಲೆ ಕಣ್ಣಾಡಿಸಿ ಮುಗಿಸಲಾಗುವುದಿಲ್ಲ.

ಪ್ರಶ್ನೆಯಲ್ಲೇ ಅರ್ಧ ಗೆಲುವಿದೆ. ‘ಆಸ್ಮೋಸಿಸ್ (ತೆಳು ಪೊರೆಯ ಮೂಲಕ ನೀರು ಹರಿಯುವುದು) ಬಗ್ಗೆ ವಿಡಿಯೊ ಮಾಡಿ’ ಅಂದರೆ ಎಲ್ಲೋ ಸಿಕ್ಕಿದ ವಾಕ್ಯಗಳನ್ನು ಓದಿ ಒಪ್ಪಿಸುತ್ತಾರೆ. ‘ಗಟ್ಟಿ ಉಪ್ಪುನೀರಿನಲ್ಲಿಟ್ಟ ಆಲೂಗಡ್ಡೆ ಹೋಳು ಮೆತ್ತಗಾಗಿದ್ದೇಕೆ? ಮುಂಚಿನ ತೂಕ, ಆಮೇಲಿನ ತೂಕ ಎರಡೂ ಕಾಣುವಂತೆ ತೋರಿಸಿ ವಿವರಿಸಿ’ ಅಂದರೆ ಕ್ಯಾಮೆರಾಕ್ಕೆ ಕೆಲಸ ಬರುತ್ತದೆ. ಹೋಳು ಬಾಗುವುದು, ತಕ್ಕಡಿಯ ಅಂಕಿ ಇಳಿದಿರುವುದು ಕಣ್ಣಿಗೆ ಬೀಳುತ್ತದೆ. ತೋರಿಸುವಂಥದ್ದೇನೂ ಇಲ್ಲದ ವಿಷಯಕ್ಕೆ ವಿಡಿಯೊ ಯಾಕೆ, ಪ್ರಬಂಧವೇ ಸಾಕು.

ಶೂಟಿಂಗ್‌ಗೆ ಒಂದು ವಾರ ಮೊದಲೇ ಒಂದು ಪುಟದ ಸ್ಕ್ರಿಪ್ಟ್ ತರಿಸಿಕೊಳ್ಳಿ. ಪರಿಕಲ್ಪನೆಯ ತಪ್ಪು ಹಾಳೆಯ ಮೇಲೆ ಸಿಕ್ಕರೆ ಗೀಟು ಹೊಡೆದು ತಿದ್ದಬಹುದು. ಎಡಿಟಿಂಗ್ ಮುಗಿದಮೇಲೆ ಸಿಕ್ಕರೆ ಯಾರೂ ಮತ್ತೆ ಶೂಟ್ ಮಾಡುವುದಿಲ್ಲ.

ಹೆಚ್ಚು ವಿಡಿಯೊ ಕೆಡುವುದು ಧ್ವನಿಯಿಂದ. ಫೋನು ಎರಡು ಮೀಟರ್ ದೂರದಲ್ಲಿ, ತಲೆಯ ಮೇಲೆ ಫ್ಯಾನು: ಮಾತಿಗಿಂತ ಗಾಳಿಯೇ ಜೋರು. ಫ್ಯಾನ್ ಆರಿಸಲಿ. ಇನ್ನೊಂದು ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು ಧ್ವನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಲಿ. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ, ಆ ಸದ್ದು ಎಡಿಟಿಂಗ್ ಪಟ್ಟಿಯಲ್ಲಿ ಮೊನಚಾಗಿ ಕಾಣುತ್ತದೆ. ಅದನ್ನೇ ಗುರುತಾಗಿಟ್ಟು ಎರಡನ್ನೂ ಹೊಂದಿಸಬಹುದು.

ಇನ್ನು ಫೈಲಿನ ಗೋಳು. 1080ಪಿಯಲ್ಲಿ ತೆಗೆದ ಫೋನ್ ವಿಡಿಯೊ ನಿಮಿಷಕ್ಕೆ 100 ಎಂಬಿ ದಾಟುವುದುಂಟು. 720ಪಿ, ಎಂಪಿ4, ಎಚ್.264 ಎಂದು ಸೂಚನೆಯಲ್ಲೇ ಬರೆಯಿರಿ: ಮೊದಲನೆಯದು 1080ಪಿಗಿಂತ ಚಿಕ್ಕ ಚಿತ್ರದ ಗಾತ್ರ, ಎರಡನೆಯದು ಫೈಲಿನ ಬಗೆ, ಮೂರನೆಯದು ವಿಡಿಯೊ ಕುಗ್ಗಿಸುವ ವಿಧಾನ. ಹೊಸ ಫೋನುಗಳು ಬಳಸುವ, ಇನ್ನೂ ಹೊಸ ಕುಗ್ಗಿಸುವ ವಿಧಾನದ ಎಚ್‌ಇವಿಸಿ ಫೈಲು ಕೆಲವು ಕಂಪ್ಯೂಟರುಗಳಲ್ಲಿ ತೆರೆಯುವುದಿಲ್ಲ, ಇಲ್ಲವೇ ಧ್ವನಿ ಬಂದು ಚಿತ್ರ ಕಪ್ಪಾಗಿರುತ್ತದೆ. ಡ್ರೈವ್ ಲಿಂಕ್ ಕೊಡುವವರು ಅನುಮತಿ ಕೊಡಲು ಮರೆಯುತ್ತಾರೆ. ಆದ್ದರಿಂದ ಗಡುವಿಗೆ ವಾರ ಮೊದಲೇ 10 ಸೆಕೆಂಡಿನ ಪರೀಕ್ಷಾ ವಿಡಿಯೊ ಕಳಿಸಲು ಹೇಳಿ. ಅಂಕ ಬೇಡ, ತೆರೆದರೆ ಸಾಕು.

20 ಅಂಕದಲ್ಲಿ 12 ವಿಷಯಕ್ಕೆ, 5 ತೋರಿಸಿದ ರೀತಿಗೆ, 3 ಧ್ವನಿಯ ಸ್ಪಷ್ಟತೆಗೆ. ಹಾರಾಡುವ ಅಕ್ಷರ, ಹಿನ್ನೆಲೆ ಸಂಗೀತಕ್ಕೆ ಸೊನ್ನೆ. ಇಲ್ಲದಿದ್ದರೆ ಒಳ್ಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಅಂಕ ಹಂಚಿದಂತಾಗುತ್ತದೆ. ಮೊದಲ ಸಲ ತಡೆಯದೆ ನೋಡಿ, ಎರಡನೇ ಸಲ ಸಮಯ ಹಾಕಿ ಟಿಪ್ಪಣಿ ಬರೆಯಿರಿ: ‘1:40: ನೀರು ಯಾವ ಕಡೆಗೆ ಹರಿಯಿತು?’